ಅನುರಣನದ ಆಯ್ಕೆ

ಮಾಳಿಗೆಯ ಮೇಲೆ ಎರಡು ಕಂಬಗಳ ನಡುವೆ ಬಿಗಿದು ಕಟ್ಟಿದ ಆಂಟೆನಾ ತಂತಿಗೆ ವಿವೇಚನೆಯೆಂಬುದಿಲ್ಲ. ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್, ಧಾರವಾಡದ 765 ಕಿಲೋಹರ್ಟ್ಸ್, ರಾತ್ರಿಯ ವೇಳೆ ಸಮುದ್ರದಾಚೆಯಿಂದ ಬಂದು ತಲುಪುವ ಹ್ರಸ್ವತರಂಗದ ನಿಲಯಗಳು, ನೆರೆಮನೆಯ ಎಲ್.ಇ.ಡಿ. ದೀಪ ಹೊರಗೆಡಹುವ ಗೊರಗೊರ ಸದ್ದು, ಇವೆಲ್ಲವೂ ಏಕಕಾಲದಲ್ಲಿ ಅದರ ಮೇಲೆ ಬಂದೆರಗಿ, ಒಂದರೊಡನೊಂದು ಬೆರೆತು, ಅತ್ಯಲ್ಪ ವಿದ್ಯುತ್ತಾಗಿ ಕೆಳಗಿಳಿಯುತ್ತವೆ. ಈ ಸಂಕುಲದೊಳಗಿಂದ ನಮಗೆ ಬೇಕಾದ ಕಿರಿದಾದ ಪಟ್ಟಿಯೊಂದನ್ನು ಮಾತ್ರ ಒಳಗೆ ಬಿಟ್ಟು, ಅದರ ಮೇಲಿನದನ್ನೂ ಕೆಳಗಿನದನ್ನೂ ತಡೆದು ನಿಲ್ಲಿಸುವ ವಿದ್ಯುನ್ಮಂಡಲಕ್ಕೆ ಬ್ಯಾಂಡ್‌ಪಾಸ್ ಫಿಲ್ಟರ್ ಎಂದು ಹೆಸರು. ರೇಡಿಯೋ ವಿದ್ಯೆಯ ಕೌಶಲವೆಲ್ಲ ಸಂಕೇತದ ವರ್ಧನೆಯಲ್ಲಿದೆಯೆಂದು ಜನರು ಭಾವಿಸುವುದುಂಟು. ಆದರೆ ಬೇಕಾದುದನ್ನೂ ಬೇಡವಾದುದನ್ನೂ ಸಮನಾಗಿ ಹಿಗ್ಗಿಸುವ ವರ್ಧಕದಿಂದ ಕೇಳುಗನಿಗೆ ಪ್ರಯೋಜನವೇನು? ನನ್ನ ದೃಷ್ಟಿಯಲ್ಲಿ ಆ ಕೌಶಲವಿರುವುದು ವರ್ಜನೆಯಲ್ಲಿ.

ಇದಕ್ಕೆ ಬೇಕಾಗುವ ಮುಖ್ಯ ಸಾಮಗ್ರಿ ಎರಡೇ: ತಂತಿಯ ಸುರುಳಿ ಮತ್ತು ಕಂಡೆನ್ಸರು. ಕಂಡೆನ್ಸರಿನ ಫಲಕಗಳ ನಡುವೆ ವಿದ್ಯುತ್ ಕ್ಷೇತ್ರದ ರೂಪದಲ್ಲಿ ಕೂಡಿಟ್ಟ ಶಕ್ತಿಯು ಸುರುಳಿಯ ಮೂಲಕ ಹರಿದು ಕಾಂತಕ್ಷೇತ್ರವಾಗಿ, ಆ ಕ್ಷೇತ್ರವು ಕುಸಿಯುವಾಗ ಮತ್ತೆ ಕಂಡೆನ್ಸರಿಗೆ ಮರಳಿ, ಹೀಗೆ ಒಂದು ನಿಯತವಾದ ಲಯದಲ್ಲಿ ಹೋಗಿಬರುತ್ತಿರುತ್ತದೆ. ಹೊರಗಿನ ಅಲೆಯ ಲಯವೂ ಇದೇ ಆಗಿದ್ದರೆ ಮಂಡಲವು ಅದಕ್ಕೆ ಪ್ರಬಲವಾಗಿ ಓಗೊಡುತ್ತದೆ. ಶ್ರುತಿ ಕೂಡಿಸಿದ ತಂಬೂರಿಯ ತಂತಿಯು ಯಾರೂ ಮೀಟದೆಯೇ ಪಕ್ಕದ ವೀಣೆಯ ಷಡ್ಜಕ್ಕೆ ಮಿಡಿಯುವಂತೆ. ಇದೇ ಅನುರಣನ. ಲಿವರ್‌ಪೂಲಿನಲ್ಲಿ ಪ್ರಾಧ್ಯಾಪಕರಾಗಿದ್ದ ಆಲಿವರ್ ಲಾಡ್ಜ್ 1889ರಲ್ಲಿ ಎರಡು ಲೇಡನ್ ಜಾಡಿಗಳನ್ನು ದೂರದೂರ ಇರಿಸಿ, ಒಂದರ ತಂತಿಯ ಉದ್ದವನ್ನು ಸರಿಹೊಂದಿಸಿದಾಗ ಮಾತ್ರ ಇನ್ನೊಂದರ ಕಿಡಿಗೆ ಉತ್ತರವಾಗಿ ಇದರಲ್ಲಿಯೂ ಕಿಡಿ ಹಾರುವುದನ್ನು ತೋರಿಸಿದರು. ಈ ಲಯವು ಸುರುಳಿಯ ಮತ್ತು ಕಂಡೆನ್ಸರಿನ ಬೆಲೆಗಳ ಗುಣಲಬ್ಧದ ವರ್ಗಮೂಲಕ್ಕೆ ವಿಲೋಮವಾಗಿರುತ್ತದೆ. ಎಂದರೆ ಕಂಡೆನ್ಸರನ್ನು ನಾಲ್ಕು ಪಟ್ಟು ಮಾಡಿದರೆ ಆವರ್ತನವು ಅರ್ಧಕ್ಕಿಳಿಯುತ್ತದೆ.

ಆದರೆ ತಂತಿಗೆ ರೋಧವುಂಟು, ಸುರುಳಿಯ ತಿರುಳಿಗೂ ತನ್ನದೇ ನಷ್ಟವುಂಟು. ಮಂಡಲವು ಶಕ್ತಿಯನ್ನು ಎಷ್ಟು ಮಿತವ್ಯಯದಿಂದ ಕಾಪಾಡಿಕೊಳ್ಳುತ್ತದೆಂಬುದರ ಅಳತೆಯನ್ನು ರೇಡಿಯೋ ಬಲ್ಲವರು ಕ್ಯೂ ಎಂಬ ಒಂದಕ್ಷರದಿಂದ ಕರೆಯುತ್ತಾರೆ. ಮಧ್ಯದ ಆವರ್ತನವನ್ನು ಕ್ಯೂನಿಂದ ಭಾಗಿಸಿದರೆ ಬರುವುದೇ ಪಟ್ಟಿಯ ಅಗಲ. ಕ್ಯೂ 60 ಇದ್ದರೆ 612 ಕಿಲೋಹರ್ಟ್ಸ್ ಬಳಿ ಅಗಲವು ಸುಮಾರು 10 ಕಿಲೋಹರ್ಟ್ಸ್; ನಮ್ಮ ಮಧ್ಯಮತರಂಗದ ನಿಲಯಗಳ ನಡುವಣ ಅಂತರ 9 ಕಿಲೋಹರ್ಟ್ಸ್ ಆಗಿರುವುದರಿಂದ ಇದು ಒಪ್ಪತಕ್ಕದ್ದೇ. ಅದೇ ಸುರುಳಿಯಿಂದ 1500 ಕಿಲೋಹರ್ಟ್ಸ್‌ಗೆ ಹೋದರೆ ಅಗಲವು 25 ಆಗಿ, ಮೂರು ನಿಲಯಗಳು ಒಟ್ಟಿಗೆ ನುಗ್ಗುವಷ್ಟು ಬಾಗಿಲು ತೆರೆಯುತ್ತದೆ. 1918ರಲ್ಲಿ ಅಮೆರಿಕದ ಎಂಜಿನಿಯರ್ ಆರ್ಮ್‌ಸ್ಟ್ರಾಂಗ್ ರೂಪಿಸಿದ ಸೂಪರ್‌ಹೆಟರೊಡೈನ್ ಪದ್ಧತಿಯು ಪ್ರತಿಯೊಂದು ನಿಲಯವನ್ನೂ ಒಂದೇ ಮಧ್ಯಂತರ ಆವರ್ತನಕ್ಕೆ, ಮುಂದೆ ರೂಢಿಗೆ ಬಂದಂತೆ 455 ಕಿಲೋಹರ್ಟ್ಸ್‌ಗೆ, ಇಳಿಸಿಕೊಂಡು ಅಲ್ಲಿಯೇ ನಿಶ್ಚಿಂತೆಯಾಗಿ ಸೋಸುವ ಉಪಾಯದಿಂದ ಈ ಕಷ್ಟವನ್ನು ಬಗೆಹರಿಸಿತು.

ಒಂದೇ ಮಂಡಲದ ಆಯ್ಕೆಯಲ್ಲಿ ಇನ್ನೊಂದು ದೋಷವುಂಟು. ಅದರ ವಕ್ರರೇಖೆಗೆ ಚೂಪಾದ ಶಿಖರವೂ ದೂರದವರೆಗೆ ಹರಡಿದ ಇಳಿಜಾರೂ ಇರುವುದರಿಂದ, ಬೇಕಾದ ಪಟ್ಟಿಯ ಅಂಚುಗಳು ಕುಂದುತ್ತವೆ, ಬೇಡವಾದ ನೆರೆಯವರು ಉಳಿಯುತ್ತಾರೆ. ಆದುದರಿಂದಲೇ ಎರಡು ಮಂಡಲಗಳನ್ನು ಅಕ್ಕಪಕ್ಕದಲ್ಲಿರಿಸಿ ಮಿತವಾಗಿ ಜೋಡಿಸುವುದು. ಜೋಡಣೆ ಅತಿ ಸಡಿಲವಾದರೆ ಶಕ್ತಿಯು ದಾಟದು. ಅತಿ ಬಿಗಿಯಾದರೆ ಶಿಖರವು ಎರಡಾಗಿ ಒಡೆದು ನಡುವೆ ತಗ್ಗು ಬೀಳುತ್ತದೆ. ಎರಡಕ್ಕೂ ನಡುವಿನ ಒಂದು ಹದದಲ್ಲಿ ತಲೆಯು ಚಪ್ಪಟೆಯಾಗಿ, ಬದಿಗಳು ಕಡಿದಾಗಿ ಇಳಿಯುತ್ತವೆ. ಹಳೆಯ ಟ್ರಾನ್ಸಿಸ್ಟರ್ ರೇಡಿಯೋ ಬಿಚ್ಚಿ ನೋಡಿದವರಿಗೆ ಇಂಥ ಮಂಡಲಗಳನ್ನು ಒಳಗಿರಿಸಿಕೊಂಡು ಸಾಲಾಗಿ ನಿಂತ ಪುಟ್ಟ ಲೋಹದ ಡಬ್ಬಿಗಳ ನೆನಪಿರಬಹುದು. ರಿಪೇರಿಯವರ ಬಾಯಲ್ಲಿ ಐ.ಎಫ್.ಟಿ. ಎನಿಸಿಕೊಂಡ ಇವುಗಳ ನೆತ್ತಿಯಲ್ಲಿನ ತಿರುಪನ್ನು ಪ್ಲಾಸ್ಟಿಕ್ಕಿನ ಸ್ಕ್ರೂಡ್ರೈವರಿನಿಂದಲೇ ತಿರುಗಿಸಬೇಕು. ಕಬ್ಬಿಣದ ಮೊನೆಯು ಸಮೀಪಿಸಿದ ಮಾತ್ರಕ್ಕೆ ಸುರುಳಿಯ ಬೆಲೆಯೇ ಬದಲಾಗಿಬಿಡುತ್ತದೆ.

ಈ ತತ್ತ್ವವನ್ನು ಅಂಗೈಯ ಒಂದು ಮೂಲೆಯಲ್ಲಿ ಅಡಗುವಷ್ಟು ಕಿರಿದಾಗಿ ಕಟ್ಟುವುದು ಹೇಗೆಂಬುದಕ್ಕೆ ಹವ್ಯಾಸಿ ಹ್ಯಾಮ್‌ಗಳ 40 ಮೀಟರ್ ಪಟ್ಟಿಯ ಫಿಲ್ಟರನ್ನು ನೋಡೋಣ. ಭಾರತದಲ್ಲಿ ಈ ಪಟ್ಟಿ 7.0ರಿಂದ 7.2 ಮೆಗಾಹರ್ಟ್ಸ್‌ವರೆಗೆ. ಟಿ50-6 ಎಂಬ, ಹಳದಿ ಬಣ್ಣದ, ಅರ್ಧ ಅಂಗುಲ ವ್ಯಾಸದ ಕಬ್ಬಿಣಪುಡಿಯ ಉಂಗುರದ ಮೇಲೆ ಎನಾಮೆಲ್ ತಂತಿಯನ್ನು 30 ಸುತ್ತು ಸುತ್ತಿದರೆ ಸುಮಾರು 3.6 ಮೈಕ್ರೋಹೆನ್ರಿ ದೊರೆಯುತ್ತದೆ. 7.1 ಮೆಗಾಹರ್ಟ್ಸ್‌ನಲ್ಲಿ ಅನುರಣಿಸಲು ಅದಕ್ಕೆ 140 ಪೈಕೋಫ್ಯಾರಡ್ ಬೇಕು. ಉಂಗುರದ ಆಕಾರದಿಂದಾಗುವ ಉಪಕಾರವೇನೆಂದರೆ, ಕಾಂತಕ್ಷೇತ್ರವು ಬಹುಮಟ್ಟಿಗೆ ಅದರೊಳಗೇ ಸುತ್ತುತ್ತಿದ್ದು, ಎರಡು ಸುರುಳಿಗಳನ್ನು ಡಬ್ಬಿಯ ಮರೆಯಿಲ್ಲದೆ ಹತ್ತಿರ ಹತ್ತಿರ ನಿಲ್ಲಿಸಬಹುದು. ಇವೆರಡರ ಮೇಲ್ತುದಿಗಳ ನಡುವೆ ಒಂದು ಸಣ್ಣ ಕಂಡೆನ್ಸರನ್ನಿಟ್ಟರೆ ಅದೇ ಜೋಡಣೆ.

ಅಗಲವೆಷ್ಟಿರಬೇಕು? ಪಟ್ಟಿಯು 200 ಕಿಲೋಹರ್ಟ್ಸ್ ಇರುವುದರಿಂದ ಫಿಲ್ಟರೂ ಅಷ್ಟೇ ಇರಲಿ ಎನ್ನುವುದು ಸಹಜವಾದ ಆಸೆ. ಹಾಗೆ ಮಾಡಿದರೆ ಜೋಡಣೆಯ ಕಂಡೆನ್ಸರು 2.8 ಪೈಕೋಫ್ಯಾರಡ್‌ಗೆ ಇಳಿಯುತ್ತದೆ. ಬೋರ್ಡಿನ ಮೇಲಿನ ಎರಡು ತಾಮ್ರದ ಗೆರೆಗಳ ನಡುವೆ ತಾನಾಗಿ ಹುಟ್ಟುವ ಧಾರಕತೆಯೇ ಒಂದು ಪೈಕೋಫ್ಯಾರಡ್‌ನಷ್ಟಿರಬಹುದಾದ್ದರಿಂದ ಲೆಕ್ಕವೆಲ್ಲ ಕೆಡುತ್ತದೆ. ಅದಕ್ಕಿಂತ ಮಿಗಿಲಾಗಿ, ಸುರುಳಿಯ ಕ್ಯೂ 200 ಎಂದು ಹಿಡಿದರೂ, ಒಳಬಂದ ಶಕ್ತಿಯಲ್ಲಿ ನೂರಕ್ಕೆ 40ರಷ್ಟು ಸುರುಳಿಗಳಲ್ಲಿಯೇ ಶಾಖವಾಗಿ ಹೋಗುತ್ತದೆ. ಅಗಲವನ್ನು 400 ಕಿಲೋಹರ್ಟ್ಸ್‌ಗೆ ಹಿಗ್ಗಿಸಿದರೆ ನಷ್ಟವು ಕಾಲು ಭಾಗಕ್ಕಿಂತ ಕಡಿಮೆಯಾಗುತ್ತದೆ, ಜೋಡಣೆಗೆ ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ 5.6 ಪೈಕೋಫ್ಯಾರಡ್ ಸಾಕಾಗುತ್ತದೆ. ಎರಡೂ ತುದಿಗಳಲ್ಲಿ 50 ಓಮ್‌ಗೆ ಹೊಂದಿಸಲು ಮೂರು ಸುತ್ತಿನ ಪ್ರತ್ಯೇಕ ಕಟ್ಟು ಸಾಕು. ನಾನು ನಿಸ್ಸಂದೇಹವಾಗಿ ಎರಡನೆಯದನ್ನೇ ಆರಿಸುವೆನು. ಕಿರಿದಾದ ಉಂಗುರ, ಕಿರಿದಾದ ಪಟ್ಟಿ, ಕಿರಿದಾದ ನಷ್ಟ ಈ ಮೂರನ್ನೂ ಒಟ್ಟಿಗೆ ಬೇಡಿದರೆ ಪ್ರಕೃತಿಯು ಕೊಡುವುದಿಲ್ಲ. ಉಂಗುರವನ್ನು ಕುಗ್ಗಿಸಿದಷ್ಟೂ ತಂತಿಯು ತೆಳುವಾಗಿ ಕ್ಯೂ ಇಳಿಯುತ್ತ ಹೋಗುತ್ತದೆ.

ಅಗಲ ಹೆಚ್ಚಿದುದರಿಂದ ಕಾವಲು ಸಡಿಲವಾಯಿತೆಂದು ಅಂಜಬೇಕಾಗಿಲ್ಲ. ಒಂದೊಂದು ನಿಲಯವನ್ನು ಬೇರ್ಪಡಿಸುವ ಸೂಕ್ಷ್ಮ ಕೆಲಸವು ಮುಂದಿನ ಮಧ್ಯಂತರ ಹಂತದ್ದು. ಬಾಗಿಲಲ್ಲಿ ನಿಂತ ಈ ಫಿಲ್ಟರಿನ ಕರ್ತವ್ಯವು ಮುಖ್ಯವಾಗಿ ಪ್ರತಿಬಿಂಬ ಆವರ್ತನವನ್ನು ತಡೆಯುವುದು. 455 ಕಿಲೋಹರ್ಟ್ಸ್ ಮಧ್ಯಂತರವಿದ್ದು, ಒಳಬಂದ ಸಂಕೇತದೊಡನೆ ಬೆರೆತು ಅದನ್ನು ಕೆಳಗಿಳಿಸುವ ಗ್ರಾಹಕದ ಆಂದೋಲಕವು 7.555 ಮೆಗಾಹರ್ಟ್ಸ್‌ನಲ್ಲಿದ್ದರೆ, 7.1ರ ಜೊತೆಗೆ 8.01 ಮೆಗಾಹರ್ಟ್ಸ್‌ನ ನಿಲಯವೂ ಅದೇ 455ಕ್ಕೆ ಇಳಿದು ಕಿವಿಗೆ ಬೀಳುತ್ತದೆ. ಇಲ್ಲಿ ರಚನೆಯ ಒಂದು ಸೂಕ್ಷ್ಮವನ್ನು ಗಮನಿಸತಕ್ಕದ್ದು: ನಡುವಿನ ಕಂಡೆನ್ಸರು ಆವರ್ತನ ಏರಿದಂತೆಲ್ಲ ಹೆಚ್ಚು ಸಲೀಸಾಗಿ ದಾರಿ ಬಿಡುವುದರಿಂದ ಈ ಫಿಲ್ಟರಿನ ಮೇಲ್ಬದಿಯ ಇಳಿಜಾರು ಸೌಮ್ಯ, ಕೆಳಬದಿಯದು ಕಡಿದು. ಆದಕಾರಣ ಆಂದೋಲಕವನ್ನು ಕೆಳಗೆ 6.645 ಮೆಗಾಹರ್ಟ್ಸ್‌ಗೆ ಇಳಿಸಿದರೆ ಪ್ರತಿಬಿಂಬವು 6.19ಕ್ಕೆ ಬಂದು, ಆ ಕಡಿದಾದ ಬದಿಗೇ ಸಿಕ್ಕಿಬೀಳುತ್ತದೆ. ಒಂದು ಪೈಸೆಯ ಹೆಚ್ಚಿನ ಖರ್ಚಿಲ್ಲದೆ ದೊರೆಯುವ ಇಂಥ ಲಾಭಗಳೇ ನನಗೆ ಈ ವಿದ್ಯೆಯನ್ನು ಅತ್ಯಂತ ಪ್ರಿಯವಾಗಿಸಿವೆ.

ಮೊಬೈಲ್ ಫೋನಿನೊಳಗೆ ಹತ್ತಾರು ಫಿಲ್ಟರುಗಳು ಅಡಗಿರುವುದು ಬೇರೊಂದು ಮಾರ್ಗದಿಂದ. ಅಲ್ಲಿ ವಿದ್ಯುತ್ ಸಂಕೇತವನ್ನು ಹರಳಿನ ಮೇಲ್ಮೈಯ ಶಬ್ದತರಂಗವಾಗಿ ಮಾರ್ಪಡಿಸುತ್ತಾರೆ. ಆ ತರಂಗದ ವೇಗವು ಸೆಕೆಂಡಿಗೆ ಕೆಲವು ಸಾವಿರ ಮೀಟರ್ ಮಾತ್ರವಾದುದರಿಂದ, ಬಯಲಿನಲ್ಲಿ 30 ಸೆಂಟಿಮೀಟರ್ ಉದ್ದವಿರುವ ಒಂದು ಗಿಗಾಹರ್ಟ್ಸ್‌ನ ಅಲೆಯು ಹರಳಿನಲ್ಲಿ ಮಿಲಿಮೀಟರಿನ ಸಾವಿರದ ಕೆಲವೇ ಅಂಶಗಳಿಗೆ ಕುಗ್ಗುತ್ತದೆ; ಕ್ಯೂ ಕೂಡ ತಂತಿಯ ಸುರುಳಿಗೆ ನಿಲುಕದಷ್ಟು ಎತ್ತರದಲ್ಲಿರುತ್ತದೆ. ಆದರೆ ಅದರ ಪಟ್ಟಿಯು ಕಾರ್ಖಾನೆಯಲ್ಲಿಯೇ ನಿಗದಿಯಾಗಿಬಿಡುವುದು, ಆಮೇಲೆ ತಿರುಗಿಸಿ ಸರಿಹೊಂದಿಸಲು ಅಲ್ಲಿ ತಿರುಪು ಇರುವುದಿಲ್ಲ. ತನಗೆ ಬೇಕಾದ ಪಟ್ಟಿಯನ್ನು ತಾನೇ ಆರಿಸಿಕೊಳ್ಳಬಯಸುವ ಹವ್ಯಾಸಿಯು ಇಂದಿಗೂ ಹಳದಿ ಉಂಗುರಕ್ಕೆ ತಂತಿ ಸುತ್ತುತ್ತಾನೆ.