ಮಧುನಾಶಿನಿ, ಇಲಿ ಮತ್ತು ನಾಲಗೆ

ಮಧುನಾಶಿನಿಯ ಎರಡು ಎಲೆಗಳನ್ನು ಚೆನ್ನಾಗಿ ಅಗಿದು, ಬಾಯಿ ಮುಕ್ಕಳಿಸಿ, ಬಳಿಕ ಒಂದು ಚೂರು ಬೆಲ್ಲವನ್ನು ನಾಲಗೆಯ ಮೇಲಿರಿಸಿಕೊಂಡರೆ ಅದು ಮಣ್ಣಿನಂತೆ ತೋರುತ್ತದೆ. ಸುಮಾರು ಅರ್ಧ ಗಂಟೆಯವರೆಗೂ ಸಿಹಿಯ ಅರಿವು ಮರಳುವುದಿಲ್ಲ. ಇದನ್ನು ಕಂಡ ಮಧುಮೇಹಿಗಳು, ನಾಲಗೆಯಲ್ಲಿ ಅಳಿದ ಸಿಹಿ ರಕ್ತದಲ್ಲಿಯೂ ಅಳಿದಿರಬೇಕೆಂದು ಭಾವಿಸುತ್ತಾರೆ. ವೃತ್ತಿಯ ಆರಂಭದ ದಿನಗಳಲ್ಲಿ ನಾವೂ ಕೆಲವರಿಗೆ ಹಾಗೆಯೇ ಹೇಳಿದ್ದುಂಟು.

ಬೋಧಕ ಕಫದಲ್ಲಿ ಕರಗಿದ ದ್ರವ್ಯವೇ ರಸನೇಂದ್ರಿಯಕ್ಕೆ ಗೋಚರವಾಗುವುದೆಂದು ನಮ್ಮ ಶಾಸ್ತ್ರ ಹೇಳುತ್ತದೆ. ಕರಗಿದ ಮೇಲೆ ನಡೆಯುವುದೇನೆಂಬುದನ್ನು ಬಹುಮಟ್ಟಿಗೆ ತಿಳಿಸಿಕೊಟ್ಟದ್ದು ಪ್ರಯೋಗಾಲಯದ ಇಲಿ. ಅದರ ನಾಲಗೆಯಲ್ಲಿಯೂ ನಮ್ಮಲ್ಲಿರುವಂತೆಯೇ ರುಚಿಮೊಗ್ಗುಗಳಿವೆ. ಒಂದೊಂದರಲ್ಲಿ 50ರಿಂದ 100 ಜೀವಕೋಶಗಳು. ಇವು ಅಲ್ಪಾಯುಗಳು, ಹಳೆಯವು ಅಳಿದಂತೆ ಹೊಸವು ಹುಟ್ಟುತ್ತಿರುತ್ತವೆ. ಬಿಸಿ ಕಾಫಿಗೆ ಸುಟ್ಟ ನಾಲಗೆಗೆ ರುಚಿ ಮರಳುವುದು ಇದರಿಂದಲೇ.

ಇಲಿಯ ಕೆಲವು ತಳಿಗಳು ಸ್ಯಾಕರಿನ್ ಬೆರೆಸಿದ ನೀರನ್ನು ಆಸೆಯಿಂದ ಕುಡಿಯುತ್ತವೆ. ಕೆಲವಕ್ಕೆ ಅದರಲ್ಲಿ ಅಷ್ಟು ಆಸಕ್ತಿಯಿಲ್ಲ. ಈ ಭೇದದ ಹಿಂದೆ ಮುಖ್ಯವಾಗಿ ಒಂದೇ ವಂಶವಾಹಿ ಸ್ಥಾನವಿದೆಯೆಂದು 1974ರಲ್ಲಿ ಜಾನ್ ಫುಲ್ಲರ್ ತೋರಿಸಿದರು. 2001ರಲ್ಲಿ ಹಲವು ಪ್ರಯೋಗಾಲಯಗಳು ಆ ವಂಶವಾಹಿಯನ್ನು ಗುರುತಿಸಿದವು. ಅದರ ಹೆಸರು ಟಿ1ಆರ್3. ಅದು ರೂಪಿಸುವ ಪ್ರೋಟೀನು ಟಿ1ಆರ್2 ಜೊತೆಗೂಡಿದಾಗ ಸಿಹಿಯನ್ನು ಹಿಡಿಯುವ ಗ್ರಾಹಕವಾಗುತ್ತದೆ. ಇಲಿಯ ಹಗೆಯಾದ ಬೆಕ್ಕಿನಲ್ಲಿ ಟಿ1ಆರ್2 ವಂಶವಾಹಿಯೇ ಕೆಟ್ಟುಹೋಗಿದೆ. ಅದರ ಪಾಲಿಗೆ ಪಾಯಸವೂ ಬರಿಯ ಹಾಲೇ. ಕಹಿಗೆ ಬೇರೆಯೇ ಕೋಶಗಳು, ಬೇರೆಯೇ ಗ್ರಾಹಕಗಳು: ಇಲಿಯಲ್ಲಿ ಸುಮಾರು 35, ನಮ್ಮಲ್ಲಿ ಸುಮಾರು 25.

ಅಮೆರಿಕದ ಚಾರ್ಲ್ಸ್ ಜುಕರ್ ಮತ್ತು ನಿಕೊಲಾಸ್ ರೈಬಾ ಅವರ ತಂಡಗಳು 2005ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ನಮ್ಮನ್ನು ಬಹುಕಾಲ ಯೋಚನೆಗೆ ಹಚ್ಚಿತು. ಮನುಷ್ಯನ ಒಂದು ಕಹಿ ಗ್ರಾಹಕವನ್ನು ಅವರು ಇಲಿಯ ಸಿಹಿ ಕೋಶಗಳಲ್ಲಿ ಮೂಡುವಂತೆ ಮಾಡಿದರು. ನಮಗೆ ಕಹಿಯಾದ ದ್ರವ್ಯವನ್ನು ಆ ಇಲಿಗಳು ಬಯಸಿ ಕುಡಿದವು! ಹಿತ ಅಹಿತಗಳ ತೀರ್ಮಾನ ದ್ರವ್ಯದಲ್ಲಿಲ್ಲ, ಅದನ್ನು ಮುಟ್ಟಿದ ಕೋಶ ಯಾವುದೆಂಬುದರಲ್ಲಿದೆ.

ಈಗ ಮಧುನಾಶಿನಿಗೆ ಮರಳೋಣ. ಅದರಲ್ಲಿರುವ ಜಿಮ್ನೆಮಿಕ್ ಆಮ್ಲಗಳು ನಮ್ಮ ಟಿ1ಆರ್3ಕ್ಕೆ ಅಂಟಿಕೊಂಡು ಸಿಹಿಯನ್ನು ತಡೆಯುತ್ತವೆ. ಇಲಿಗೆ ಇವು ತಟ್ಟುವುದಿಲ್ಲ. ಅದೇ ಎಲೆಯಲ್ಲಿರುವ ಗುರ್ಮಾರಿನ್ ಎಂಬ, 35 ಅಮೈನೋ ಆಮ್ಲಗಳ ಸಣ್ಣ ಪ್ರೋಟೀನು ಇಲಿಯ ಸಿಹಿಯನ್ನು ಕುಗ್ಗಿಸುತ್ತದೆ. ನಮ್ಮ ಮೇಲೆ ಅದರ ಪ್ರಭಾವ ಇಲ್ಲವೆಂಬಷ್ಟು ಅಲ್ಪ. ಇಲಿಗಳಲ್ಲಿಯೂ ಎಲ್ಲ ತಳಿಗಳಿಗೆ ಅದು ಒಂದೇ ಪ್ರಮಾಣದಲ್ಲಿ ತಾಗದು. ಇಲಿಯಲ್ಲಿ ಸಿದ್ಧವಾಯಿತೆಂದು ಔಷಧಿಯ ಡಬ್ಬಿಯ ಮೇಲೆ ಅಚ್ಚಾದುದನ್ನು ಓದುವಾಗ ನಮಗೆ ಈ ಎಲೆಯೇ ನೆನಪಾಗುತ್ತದೆ.

ಎಲೆಯನ್ನು ನಂಬಿ ಮಾತ್ರೆಗಳನ್ನು ಬಿಟ್ಟಿದ್ದ ಹಿರಿಯರೊಬ್ಬರು, ಕಾಲಿನ ಗಾಯ ತಿಂಗಳಾದರೂ ಮಾಯದೆ ನಮ್ಮಲ್ಲಿಗೆ ಬಂದಿದ್ದರು. ಬಾಯಲ್ಲಿ ಸಿಹಿಯೇ ತಿಳಿಯದ ಮೇಲೆ ಸಕ್ಕರೆ ಎಲ್ಲಿಯದೆಂಬುದು ಅವರ ವಾದ. ರಕ್ತಪರೀಕ್ಷೆಯ ಚೀಟಿಯನ್ನು ಅವರೆದುರಿಗಿಟ್ಟು, ಎಲೆಯ ರಸ ನಾಲಗೆಯ ಕೋಶದ ಬಾಗಿಲನ್ನಷ್ಟೇ ಮುಚ್ಚಿತ್ತೆಂದೂ, ಉಂಡ ಸಕ್ಕರೆ ಎಂದಿನಂತೆ ಒಳಹೊಕ್ಕಿತೆಂದೂ ವಿವರಿಸಿದೆವು. ರಕ್ತದ ಸಕ್ಕರೆಯ ಮೇಲೆ ಈ ಎಲೆಯ ಪರಿಣಾಮವೇನೆಂಬುದು ಬೇರೆಯೇ ಪ್ರಶ್ನೆ. ಅದಕ್ಕೆ ನಾಲಗೆ ಸಾಕ್ಷಿಯಲ್ಲ. ಅವರು ಅಂದೇ ಮಾತ್ರೆಗಳನ್ನು ಮತ್ತೆ ಆರಂಭಿಸಿದರು. ಎಲೆಯನ್ನು ನಾವು ಬಿಡಿಸಲಿಲ್ಲ. ಅದನ್ನು ಅಗಿದ ಮೇಲೆ ಸಕ್ಕರೆ ಹಾಕಿದ ಚಹಾ ಬೇಡವೆನ್ನಿಸುತ್ತದೆಂದು ಅವರೇ ಹೇಳಿದರು.