ದೂರ ಸರಿಯಿದೆ, ಗಾಳಿ ಇದೆಯೇ?

‘ಭೂಮಿಯನ್ನೇ ಹೋಲುವ ಗ್ರಹ ಪತ್ತೆ’ ಎಂಬ ಸುದ್ದಿ ಆಗಾಗ ಪತ್ರಿಕೆಗಳಲ್ಲಿ ಬರುತ್ತಿರುತ್ತದೆ. ಪೂರ್ತಿ ಓದಿದರೆ ಅದಕ್ಕಿರುವ ಆಧಾರ ಬಹುತೇಕ ಒಂದೇ: ಆ ಗ್ರಹ ತನ್ನ ನಕ್ಷತ್ರದ ‘ವಾಸಯೋಗ್ಯ ವಲಯ’ದಲ್ಲಿದೆ. ಅಂದರೆ ನೆಲದ ಮೇಲಿನ ನೀರು ಆವಿಯಾಗಿ ಹೋಗದ, ಪೂರ್ತಿ ಹೆಪ್ಪುಗಟ್ಟಿಯೂ ಬಿಡದ ದೂರದಲ್ಲಿ ಸುತ್ತುತ್ತಿದೆ. ಆದರೆ ಈ ಲೆಕ್ಕದೊಳಗೆ ಒಂದು ಷರತ್ತು ಅಡಗಿದೆ. ಗ್ರಹಕ್ಕೆ ತಕ್ಕ ವಾತಾವರಣ ಇದೆ ಎಂದು ಮೊದಲೇ ಒಪ್ಪಿಕೊಂಡು ಹಾಕಿದ ಲೆಕ್ಕವದು. ಸುದ್ದಿಯಲ್ಲಿ ಬಿಟ್ಟುಹೋಗುವುದು ಈ ಷರತ್ತೇ.

ವಾತಾವರಣದ ಮಹಿಮೆ ತಿಳಿಯಲು ಶುಕ್ರನನ್ನು ನೋಡಿದರೆ ಸಾಕು. ಸೂರ್ಯನಿಗೆ ಹತ್ತಿರವಿರುವುದರಿಂದಲೇ ಅದು ಅಷ್ಟು ಕಾದಿದೆ ಎಂದು ಹೆಚ್ಚಿನವರು ತಿಳಿದಿದ್ದಾರೆ. ವಾಸ್ತವದಲ್ಲಿ ಅದರ ದಟ್ಟ ಮೋಡಗಳು ಬಿದ್ದ ಬಿಸಿಲಿನ ಸುಮಾರು ಮುಕ್ಕಾಲು ಪಾಲನ್ನು ಹಿಂದಕ್ಕೆ ಅಟ್ಟುತ್ತವೆ. ಹೀಗಾಗಿ ಶುಕ್ರ ಹೀರಿಕೊಳ್ಳುವ ಬಿಸಿಲು ಭೂಮಿ ಹೀರಿಕೊಳ್ಳುವುದಕ್ಕಿಂತ ಕಡಿಮೆ! ಆದರೂ ಅಲ್ಲಿನ ನೆಲದ ಕಾವು 460 ಡಿಗ್ರಿ ಸೆಲ್ಸಿಯಸ್. ಸೀಸ ಕರಗಿ ಹರಿದೀತು. ನಮ್ಮ ಗಾಳಿಗಿಂತ ತೊಂಬತ್ತು ಪಟ್ಟು ಒತ್ತಡದ ಇಂಗಾಲದ ಡೈಆಕ್ಸೈಡ್ ಕಂಬಳಿ ಹೊದ್ದು ಕುಳಿತ ಗ್ರಹವದು. ನಮ್ಮ ಕಂಬಳಿ ತೆಳುವಾದದ್ದು, ಆದರೆ ಅದೂ ಇಲ್ಲದಿದ್ದರೆ ಭೂಮಿಯ ಸರಾಸರಿ ಉಷ್ಣತೆ 15ರಿಂದ ಮೈನಸ್ 18 ಡಿಗ್ರಿಗೆ ಕುಸಿಯುತ್ತಿತ್ತು. ಮಂಗಳ ಹಲವು ಲೆಕ್ಕಗಳ ಪ್ರಕಾರ ವಲಯದ ಒಳಗೇ ಬರುತ್ತದೆ. ಅಲ್ಲಿನ ಗಾಳಿಯ ಒತ್ತಡ ಮಾತ್ರ ನಮ್ಮದರ ನೂರನೆಯ ಒಂದು ಪಾಲೂ ಇಲ್ಲ.

ಗಾಳಿ ಇದೆಯೇ ಎಂಬ ಇದೇ ಪ್ರಶ್ನೆಯನ್ನು ಈಗ ನಲವತ್ತು ಜ್ಯೋತಿರ್ವರ್ಷ ಆಚೆಗೆ, ಕುಂಭ ರಾಶಿಯ ಟ್ರಾಪಿಸ್ಟ್-1 ಎಂಬ ಕೆಂಪು ಕುಬ್ಜ ನಕ್ಷತ್ರದ ಬಳಿ ಕೇಳಲಾಗುತ್ತಿದೆ. ಬೆಲ್ಜಿಯಂನ ಮಿಖಾಯೆಲ್ ಗಿಯೋಂ ಮತ್ತು ಸಂಗಡಿಗರು 2017ರ ಫೆಬ್ರುವರಿಯಲ್ಲಿ ಅದರ ಸುತ್ತ ಒಟ್ಟು ಏಳು ಗ್ರಹಗಳಿವೆ ಎಂದು ಪ್ರಕಟಿಸಿದರು. ನಕ್ಷತ್ರ ನಮ್ಮ ಗುರುಗ್ರಹಕ್ಕಿಂತ ಸ್ವಲ್ಪವೇ ದೊಡ್ಡದು. ಬೆಳಕು ಸೂರ್ಯನ ಎರಡು ಸಾವಿರದಲ್ಲೊಂದು ಪಾಲಿನಷ್ಟು. ಇಷ್ಟು ಮಂಕಾದ ನಕ್ಷತ್ರದ ವಾಸಯೋಗ್ಯ ವಲಯ ಅದರ ಮಗ್ಗುಲಲ್ಲೇ ಇರುತ್ತದೆ. ಏಳೂ ಗ್ರಹಗಳು ಬುಧನ ಕಕ್ಷೆಯೊಳಗೆ ಹಿಡಿದು ಇನ್ನೂ ಜಾಗ ಉಳಿಯುತ್ತದೆ. ನಾಲ್ಕನೆಯದಾದ ‘ಇ’ ಗ್ರಹ ನಕ್ಷತ್ರದಿಂದ ಬರೀ 44 ಲಕ್ಷ ಕಿಲೋಮೀಟರ್ ದೂರದಲ್ಲಿದೆ. ಅದರ ಒಂದು ವರ್ಷವೆಂದರೆ ನಮ್ಮ ಆರು ದಿನ. ಗಾತ್ರದಲ್ಲಿ ಭೂಮಿಗಿಂತ ತುಸು ಚಿಕ್ಕದು. ಅದಕ್ಕೆ ಸಿಗುವ ಬೆಳಕು ನಮಗೆ ಸಿಗುವುದರ ಮೂರರಲ್ಲಿ ಎರಡು ಪಾಲು. ಅಲ್ಲಿ ನಿಂತು ನೋಡಿದರೆ ಸೂರ್ಯನ ನಾಲ್ಕು ಪಟ್ಟು ಅಗಲದ ಕೆಂಪು ಬಿಂಬ ಆಕಾಶದಲ್ಲಿ ಕಂಡೀತು. ಚಂದ್ರ ನಮಗೆ ಒಂದೇ ಮುಖ ತೋರುವಂತೆ ಈ ಗ್ರಹವೂ ನಕ್ಷತ್ರಕ್ಕೆ ಒಂದೇ ಮಗ್ಗುಲು ಒಡ್ಡಿರುವ ಸಾಧ್ಯತೆಯೇ ಹೆಚ್ಚು. ಹಾಗಿದ್ದರೆ ಆ ಬಿಂಬ ಮುಳುಗುವುದೇ ಇಲ್ಲ.

ದೂರವೇನೋ ಸರಿ. ಆದರೆ ಕೆಂಪು ಕುಬ್ಜಗಳ ಬಾಲ್ಯ ಬಲು ಉಗ್ರ. ಹುಟ್ಟಿದ ಮೇಲೆ ಬಹುಕಾಲ ಅವು ಈಗಿನದಕ್ಕಿಂತ ಎಷ್ಟೋ ಪಟ್ಟು ಪ್ರಖರವಾಗಿ ಉರಿಯುತ್ತವೆ. ಇಂದು ವಲಯದೊಳಗಿರುವ ಗ್ರಹ ಅಂದು ಬೇಯುತ್ತಿದ್ದಿರಬೇಕು. ನೀರಾವಿಯನ್ನು ಅತಿನೇರಳೆ ಕಿರಣಗಳು ಒಡೆಯುತ್ತವೆ, ಹಗುರವಾದ ಹೈಡ್ರೋಜನ್ ಬಾಹ್ಯಾಕಾಶಕ್ಕೆ ಹಾರಿಹೋಗುತ್ತದೆ. ಸಾಲದ್ದಕ್ಕೆ ಟ್ರಾಪಿಸ್ಟ್-1 ಈಗಲೂ ಆಗಾಗ ಭುಗಿಲೇಳುತ್ತದೆ.

ಗಾಳಿ ಉಳಿದಿದೆಯೇ ಎಂದು ಇಲ್ಲಿ ಕುಳಿತು ತಿಳಿಯುವುದು ಹೇಗೆ? ತೀರಾ ಒಳಗಿನ ‘ಬಿ’ ಗ್ರಹದ ಮೇಲೆ ನಡೆದ ಅಳತೆ ನನಗೆ ಅತ್ಯಂತ ಸೊಗಸಾಗಿ ಕಾಣುತ್ತದೆ. ಗ್ರಹ ನಕ್ಷತ್ರದ ಹಿಂದೆ ಮರೆಯಾಗುವ ಮುನ್ನ ನಮಗೆ ಬರುವ ಅವಕೆಂಪು ಕಿರಣಗಳಲ್ಲಿ ಎರಡರ ಪಾಲೂ ಇರುತ್ತದೆ. ಮರೆಯಾದಾಗ ನಕ್ಷತ್ರದ್ದು ಮಾತ್ರ. ಕಳೆದರೆ ಉಳಿಯುವುದು ಗ್ರಹದ ಸ್ವಂತ ಕಾವು. ಆ ವ್ಯತ್ಯಾಸ ಸಾವಿರದಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಜೇಮ್ಸ್ ವೆಬ್ ದೂರದರ್ಶಕ ಅದನ್ನೂ ಹಿಡಿಯಿತು. ಗಾಳಿ ಇದ್ದಿದ್ದರೆ ಹಗಲಿನ ಬದಿಯ ಕಾವನ್ನು ಅದು ಇರುಳಿನ ಬದಿಗೆ ಹೊತ್ತೊಯ್ದು ಹಂಚಬೇಕಿತ್ತು. 2023ರಲ್ಲಿ ಬಂದ ಫಲಿತಾಂಶದ ಪ್ರಕಾರ ಹಗಲಿನ ಬದಿ ಸುಮಾರು 230 ಡಿಗ್ರಿ, ಬರಿಬಂಡೆಗೆ ಎಷ್ಟಿರಬೇಕೋ ಹೆಚ್ಚುಕಡಿಮೆ ಅಷ್ಟೇ. ಪಕ್ಕದ ‘ಸಿ’ ಗ್ರಹದಲ್ಲೂ ಶುಕ್ರನಂಥ ದಟ್ಟ ಗಾಳಿಯ ಸುಳಿವು ಸಿಗಲಿಲ್ಲ.

ಇವೆರಡೂ ವಲಯದ ಹೊರಗಿನವು. ಎಲ್ಲರ ಕಣ್ಣು ನೆಟ್ಟಿರುವುದು ‘ಇ’ ಮೇಲೆ. ಅದು ನಕ್ಷತ್ರದ ಎದುರಿಗೆ ಹಾದುಹೋಗುವಾಗ ಅಂಚಿನ ಗಾಳಿಯಲ್ಲಿ ತೂರಿಬರುವ ಬೆಳಕಿನಲ್ಲಿ ಅನಿಲಗಳ ಗುರುತು ಹುಡುಕಬೇಕು. ಇಲ್ಲಿ ಅಡ್ಡಬರುವುದು ಸ್ವತಃ ನಕ್ಷತ್ರ. ಅದರ ಮೈಮೇಲೆ ಕಲೆಗಳಿವೆ. ನೀರಾವಿಯ ಅಣುಗಳು ಉಳಿಯುವಷ್ಟು ಅದು ತಣ್ಣಗಿದೆ. ಕಂಡ ಗುರುತು ಗ್ರಹದ್ದೋ ನಕ್ಷತ್ರದ್ದೋ ಹೇಳುವುದು ಕಷ್ಟ. 2025ರಲ್ಲಿ ಪ್ರಕಟವಾದ ಮೊದಲ ನಾಲ್ಕು ವೀಕ್ಷಣೆಗಳು ದಟ್ಟ ಹೈಡ್ರೋಜನ್ ಹೊದಿಕೆ ಇಲ್ಲವೆಂದು ತೋರಿಸಿದವು, ಭೂಮಿಯಂಥ ಗಾಳಿಯ ಸಾಧ್ಯತೆಯನ್ನು ಅಳಿಸಲೂ ಇಲ್ಲ, ಖಚಿತಪಡಿಸಲೂ ಇಲ್ಲ. ಈಗ ವಿಜ್ಞಾನಿಗಳು ‘ಬಿ’ ಮತ್ತು ‘ಇ’ ಬೆನ್ನುಬೆನ್ನಿಗೆ ಹಾಯುವ ಹೊತ್ತುಗಳನ್ನೇ ಆರಿಸಿಕೊಂಡು ನೋಡುತ್ತಿದ್ದಾರೆ. ‘ಬಿ’ಗೆ ಗಾಳಿಯಿಲ್ಲದ ಮೇಲೆ ಅದು ಹಾಯುವಾಗ ಕಾಣುವ ಗುರುತೆಲ್ಲ ನಕ್ಷತ್ರದ್ದೇ. ‘ಇ’ಯ ಲೆಕ್ಕದಿಂದ ಅದನ್ನು ಕಳೆದು, ಏನಾದರೂ ಮಿಕ್ಕೀತೇ ಎಂದು ನೋಡುವುದು ಅವರ ಯೋಜನೆ.