ಅಮೆರಿಕದ ರೈಲುಬಂಡಿ: ಯುದ್ಧದ ಕಾಲದಲ್ಲಿ, ಚುನಾವಣೆಯ ಕಾಲದಲ್ಲಿ

ಅಮೆರಿಕದ ವಿಷಯವಾಗಿ ನಮ್ಮ ಜನರಲ್ಲಿ ಅಭಿಪ್ರಾಯಗಳಿಗೆ ಬರವಿಲ್ಲ. ಆ ದೇಶವನ್ನು ಕಂಡುಬಂದವರಿಗೆ ಒಂದು ಅಭಿಪ್ರಾಯವಿದ್ದರೆ, ಕಾಣದವರಿಗೆ ನಾಲ್ಕು. ಅವುಗಳಲ್ಲಿ ಪದೇ ಪದೇ ಕಿವಿಗೆ ಬೀಳುವುದೊಂದುಂಟು: ‘ಅಮೆರಿಕದವನು ರೈಲು ಹತ್ತುವವನಲ್ಲ, ಬಾಗಿಲಲ್ಲಿ ಮೋಟಾರು, ಊರಾಚೆ ವಿಮಾನ ನಿಲ್ದಾಣ ಇರುವಾಗ ಅವನಿಗೆ ರೈಲೇಕೆ? ಅದು ಅವನ ಸ್ವಭಾವ.’ ಸ್ವಭಾವವೆಂದುಬಿಟ್ಟರೆ ಮುಂದೆ ವಿಚಾರಮಾಡುವ ಶ್ರಮ ತಪ್ಪುತ್ತದೆ. ಆದರೆ 1916ರಲ್ಲಿ ಆ ದೇಶದಲ್ಲಿ 2,54,000 ಮೈಲಿಗಳ ರೈಲುದಾರಿಯಿತ್ತು. ಅಷ್ಟು ಉದ್ದದ ದಾರಿಯನ್ನು ಹಾಸಿದ ಜನಕ್ಕೆ ರೈಲಿನಲ್ಲಿ ಹುಟ್ಟಾ ಅರುಚಿಯೆಂದು ಹೇಳುವುದು ಹೇಗೆ? ಆ ರೈಲು ಬೆಳೆದದ್ದೂ ಬಾಡಿದದ್ದೂ ಯುದ್ಧ ಮತ್ತು ರಾಜಕೀಯಗಳ ಕೈಯಲ್ಲಿ ಎಂಬುದು ನನ್ನ ಭಾವನೆ. ಅದನ್ನು ತಮ್ಮ ಮುಂದಿಡುತ್ತೇನೆ.

ಅಧ್ಯಕ್ಷ ಲಿಂಕನ್ನರು ಮೊದಲು ರೈಲ್ವೆ ಕಂಪೆನಿಗಳ ವಕೀಲರಾಗಿದ್ದವರು. 1861ರ ಫೆಬ್ರವರಿಯಲ್ಲಿ ಅಧಿಕಾರ ವಹಿಸಿಕೊಳ್ಳಲು ರೈಲಿನಲ್ಲಿಯೇ ರಾಜಧಾನಿಗೆ ಹೊರಟರು. ಕೊಲೆಯ ಸಂಚಿನ ಸುದ್ದಿ ಬಂದುದರಿಂದ ಬಾಲ್ಟಿಮೋರ್ ನಗರವನ್ನು ರಾತ್ರಿಯಲ್ಲಿ ಗುಟ್ಟಾಗಿ ದಾಟಬೇಕಾಯಿತು. ಪೂರ್ವ ಪಶ್ಚಿಮ ಸಮುದ್ರಗಳನ್ನು ಕೂಡಿಸುವ ಹಳಿ ಉತ್ತರದಲ್ಲಿ ಹಾಯಬೇಕೋ ದಕ್ಷಿಣದಲ್ಲಿ ಹಾಯಬೇಕೋ ಎಂಬ ಜಗಳ ಆ ಮೊದಲೇ ವರ್ಷಗಟ್ಟಲೆ ನಡೆದಿತ್ತು. ಅಂತರ್ಯುದ್ಧ ಹತ್ತಿ ದಕ್ಷಿಣದ ಸದಸ್ಯರು ಕಾಂಗ್ರೆಸ್ ಸಭೆಯನ್ನು ಬಿಟ್ಟುಹೋದ ಮೇಲೆ ಎದುರುಹೇಳುವವರೇ ಇಲ್ಲವಾಗಿ, 1862ರಲ್ಲಿ ಶಾಸನವಾಯಿತು. 1869ರ ಮೇ 10ರಂದು ಎರಡು ಕಡೆಯ ಹಳಿಗಳೂ ಯೂಟಾ ಪ್ರಾಂತ್ಯದಲ್ಲಿ ಸೇರಿದವು. ಗಡಿಯಾರದ ಕಥೆಯೂ ಇಂಥದೇ. ಊರೂರಿಗೆ ಬೇರೆಯಾಗಿದ್ದ ವೇಳೆಯನ್ನು 1883ರ ನವೆಂಬರ್ 18ರಂದು ಒಂದು ಕ್ರಮಕ್ಕೆ ತಂದವರು ರೈಲ್ವೆ ಕಂಪೆನಿಯವರು. ಸರ್ಕಾರವು ಅದಕ್ಕೆ ಶಾಸನದ ಮುದ್ರೆಯೊತ್ತಿದ್ದು 1918ರಲ್ಲಿ, ಮೊದಲನೆಯ ಮಹಾಯುದ್ಧದ ನಡುವೆ.

ನಮ್ಮಲ್ಲಿ ರೈಲೆಂದರೆ ಸರ್ಕಾರದ್ದು. ಅಲ್ಲಿ ಹಾಗಲ್ಲ, ಅದು ಕಂಪೆನಿಗಳ ಸೊತ್ತು. ಆದರೂ ಯುದ್ಧ ಬಂದಾಗ ಸರ್ಕಾರ ಕೈಹಾಕದೆ ಬಿಡಲಿಲ್ಲ. 1917ರ ಡಿಸೆಂಬರಿನಲ್ಲಿ, ಪೂರ್ವದ ಬಂದರುಗಳಲ್ಲಿ ಸಾಮಾನಿನ ಬಂಡಿಗಳು ಇಳಿಸುವವರಿಲ್ಲದೆ ಸಾಲುಗಟ್ಟಿ ನಿಂತಾಗ, ಅಧ್ಯಕ್ಷ ವಿಲ್ಸನ್ನರು ರೈಲುಗಳನ್ನೆಲ್ಲ ವಶಪಡಿಸಿಕೊಂಡು, 1920ರ ಮಾರ್ಚಿಯಲ್ಲಿ ಒಡೆಯರಿಗೆ ಹಿಂದಿರುಗಿಸಿದರು.

ಎರಡನೆಯ ಮಹಾಯುದ್ಧದಲ್ಲಿ ರೈಲಿಗೆ ಬಂದ ವೈಭವ ಹಿಂದೆ ಬಂದಿರಲಿಲ್ಲ, ಮುಂದೆ ಬರಲೂ ಇಲ್ಲ. ಜಪಾನೀಯರು ಮಲಯವನ್ನು ಹಿಡಿದುದರಿಂದ ರಬ್ಬರು ನಿಂತಿತು. ಮೋಟಾರಿನ ಟಯರಿಗೂ ಪೆಟ್ರೋಲಿಗೂ ಪಡಿತರ ಬಂದಿತು. ರಸ್ತೆಯಲ್ಲಿ ಗಂಟೆಗೆ 35 ಮೈಲಿಗಿಂತ ವೇಗವಾಗಿ ಹೋಗಬಾರದೆಂದು ಕಟ್ಟಳೆಯಾಯಿತು. ಜನ ಮತ್ತೆ ನಿಲ್ದಾಣಗಳಿಗೆ ನುಗ್ಗಿದರು. ಪಡೆಗಳಾಗಿ ಸಾಗಿದ ಸೈನಿಕರಲ್ಲಿ ನೂರಕ್ಕೆ 97 ಮಂದಿಯನ್ನು ಸಾಗಿಸಿದ್ದು ರೈಲೇ. 1944ರಲ್ಲಿ ಪ್ರಯಾಣದ ಮೊತ್ತವು 1940ರಲ್ಲಿದ್ದುದರ ನಾಲ್ಕರಷ್ಟಾಯಿತು. ‘ಈ ಪ್ರಯಾಣ ನಿಜವಾಗಿ ಅಗತ್ಯವೇ?’ ಎಂದು ಕೇಳುವ ಭಿತ್ತಿಪತ್ರಗಳನ್ನು ನಿಲ್ದಾಣಗಳಲ್ಲಿ ಅಂಟಿಸಿದರು. ಪ್ರಯಾಣಿಕರನ್ನು ತಡೆಯಲೆಂದು ಟಿಕೀಟಿನ ಮೇಲೆ ತೆರಿಗೆ ಹಾಕಿ, ಅದನ್ನು ನೂರಕ್ಕೆ 15ರವರೆಗೂ ಏರಿಸಿದರು. ಯುದ್ಧ 1945ರಲ್ಲಿ ಮುಗಿಯಿತು. ತೆರಿಗೆ ಮಾತ್ರ ಸ್ವಲ್ಪ ಇಳಿದು, 1962ರವರೆಗೂ ಉಳಿಯಿತು. ಪ್ರಯಾಣಿಕರಿಲ್ಲದೆ ಬಂಡಿಗಳು ಖಾಲಿಯಾಗಿ ಓಡುತ್ತಿದ್ದ ಕಾಲದಲ್ಲಿಯೂ, ಪ್ರಯಾಣಿಕರನ್ನು ದೂರವಿಡುವ ತೆರಿಗೆ ನಡೆದೇ ಇತ್ತು.

ಈ ವೈಭವದ ಇನ್ನೊಂದು ಮುಖವನ್ನು ಮುಚ್ಚಿಡುವುದು ನ್ಯಾಯವಲ್ಲ. ದಕ್ಷಿಣದ ಸಂಸ್ಥಾನಗಳಲ್ಲಿ ನೀಗ್ರೋ ಜನರಿಗೆ ಪ್ರತ್ಯೇಕ ಬಂಡಿ. ಅದು ನ್ಯಾಯಸಮ್ಮತವೆಂದು ಸರ್ವೋಚ್ಚ ನ್ಯಾಯಸ್ಥಾನವು 1896ರಲ್ಲಿ ತೀರ್ಪಿತ್ತಿತ್ತು. ಆ ಮೊಕದ್ದಮೆ ಹುಟ್ಟಿದ್ದೂ ರೈಲುಬಂಡಿಯ ಆಸನವೊಂದರಿಂದಲೇ. 1944ರಲ್ಲಿ ಟ್ರಿಮಿಂಗ್‌ಹ್ಯಾಮ್ ಎಂಬ ಕರಿಯ ಸೈನಿಕನು ಸೈನ್ಯದವರ ‘ಯಾಂಕ್’ ಪತ್ರಿಕೆಗೆ ಒಂದು ಕಾಗದ ಬರೆದನು. ಲೂಯಿಸಿಯಾನದ ಒಂದು ರೈಲು ನಿಲ್ದಾಣದಲ್ಲಿ ಅವನಿಗೂ ಅವನ ಸಂಗಡಿಗರಿಗೂ ಊಟದ ಕೊಠಡಿಯೊಳಗೆ ಪ್ರವೇಶವಿರಲಿಲ್ಲ. ಹಿಂಬದಿಯ ಅಡಿಗೆಮನೆಗೆ ಹೋಗಿ ಎಂದರಂತೆ. ಅಷ್ಟರಲ್ಲಿ ಜರ್ಮನ್ ಯುದ್ಧಕೈದಿಗಳ ಗುಂಪೊಂದು ಕಾವಲುಗಾರರೊಡನೆ ಬಂದಿತು. ಒಳಗೆ ಹೋಗಿ ಮೇಜುಗಳ ಮುಂದೆ ಕುಳಿತಿತು. ಅವರಿಗೆ ಊಟ ಬಡಿಸಿದರು. ನಾವು ಯಾವುದಕ್ಕಾಗಿ ಹೋರಾಡುತ್ತಿದ್ದೇವೆ ಎಂಬುದು ಅವನ ಪ್ರಶ್ನೆ. ಬಿಳಿಯ ಸೈನಿಕರಿಂದಲೇ ಅವನಿಗೆ ಸಹಾನುಭೂತಿಯ ಪತ್ರಗಳು ರಾಶಿಯಾಗಿ ಬಂದವು. ಊಟದ ಬಂಡಿಯಲ್ಲಿ ಪರದೆ ಕಟ್ಟಿ ಪಂಕ್ತಿಭೇದ ಮಾಡುವುದು ಸಲ್ಲದೆಂದು ಅದೇ ನ್ಯಾಯಸ್ಥಾನವು ಹೇಳಿದ್ದು 1950ರಲ್ಲಿ. ಪಂಕ್ತಿಭೇದವೆಂಬ ಮಾತಿನ ಅರ್ಥವನ್ನು ನಮ್ಮವರಿಗೆ ವಿವರಿಸಬೇಕಾಗಿಲ್ಲ.

ಇನ್ನು ಚುನಾವಣೆಗೆ ಬರೋಣ. ಸಾಮಾನ್ಯವಾಗಿ ರೈಲು ನಿಲ್ಲದ, ನಿಲ್ಲಬೇಕಾದಾಗ ಸಿಳ್ಳು ಹಾಕಿ ತಿಳಿಸುವ ಸಣ್ಣ ಊರಿಗೆ ಅಲ್ಲಿಯವರು ‘ವಿಸಿಲ್ ಸ್ಟಾಪ್’ ಎನ್ನುತ್ತಾರೆ. 1948ರಲ್ಲಿ ಅಧ್ಯಕ್ಷ ಟ್ರೂಮನ್ನರು ರೈಲಿನಲ್ಲಿ ಸುತ್ತುತ್ತಾ ಕಾಂಗ್ರೆಸ್ಸನ್ನು ಹಳಿಯುತ್ತಿದ್ದಾಗ, ಎದುರುಪಕ್ಷದ ಸೆನೆಟರ್ ಟಾಫ್ಟರು, ಇವರು ವಿಸಿಲ್ ಸ್ಟಾಪುಗಳಲ್ಲೆಲ್ಲ ನಮ್ಮನ್ನು ಬೈಯುತ್ತಿದ್ದಾರೆ ಎಂದು ಆಕ್ಷೇಪಿಸಿದರು. ಟ್ರೂಮನ್ನರ ಪಕ್ಷದವರಿಗೆ ಅದೇ ವರವಾಯಿತು. ‘ನಿಮ್ಮ ಊರನ್ನು ಅವರು ಹೀಗೆನ್ನುತ್ತಾರೆ, ನೋಡಿ’ ಎಂದು ಆಯಾ ಊರುಗಳ ಪೌರಾಧ್ಯಕ್ಷರನ್ನೇ ಕೇಳಿದರು. ಟ್ರೂಮನ್ನರ ಬಂಡಿಯ ಹೆಸರು ‘ಫರ್ಡಿನಂಡ್ ಮಗೆಲನ್’. ರೂಸ್‌ವೆಲ್ಟರ ರಕ್ಷಣೆಗೆಂದು ಯುದ್ಧಕಾಲದಲ್ಲಿ ಉಕ್ಕಿನ ಕವಚ ತೊಡಿಸಿ, ಮೂರಂಗುಲ ದಪ್ಪದ ಗಾಜು ಹಾಕಿಸಿ, ಸರ್ಕಾರಕ್ಕೆ ಒಂದು ಡಾಲರಿಗೆ ಕೊಟ್ಟಿದ್ದ ಬಂಡಿ ಅದು. ಅದರ ಹಿಂದಿನ ಜಗಲಿಯಲ್ಲಿ ನಿಂತು ಅವರು ಕಾಗದ ನೋಡದೆ ಹತ್ತು ನಿಮಿಷ ಮಾತನಾಡುವರು; ಅನಂತರ ಹೆಂಡತಿಯನ್ನು ‘ನಮ್ಮ ಯಜಮಾನರು’ ಎಂಬಂಥ ಮಾತಿನಿಂದ ಪರಿಚಯ ಮಾಡಿಸುವರು; ಮಗಳನ್ನು ಕರೆಯುವರು; ರೈಲು ಹೊರಡುವುದು. ಹೀಗೆ 30,000 ಮೈಲಿಗಳಿಗೂ ಮೀರಿದ ಪ್ರಯಾಣ.

ಎದುರಾಳಿ ಡ್ಯೂಯಿಯವರ ಬಳಿಯೂ ರೈಲು ಇತ್ತು. ಇಲಿನಾಯ್ ಸಂಸ್ಥಾನದ ಒಂದು ಸಣ್ಣ ಊರಿನಲ್ಲಿ ಅವರು ಮಾತನಾಡುತ್ತಿದ್ದಾಗ ಬಂಡಿಯು ಜನರ ಕಡೆಗೆ ಕೆಲವು ಅಡಿ ಹಿಂದಕ್ಕೆ ಸರಿಯಿತು. ಯಾರಿಗೂ ಪೆಟ್ಟಾಗಲಿಲ್ಲ. ಡ್ಯೂಯಿಯವರು ಮಾತ್ರ ಡ್ರೈವರನನ್ನು ಹುಚ್ಚನೆಂದು ಕರೆದು, ಅವನಿಗೆ ಗುಂಡಿಕ್ಕಬೇಕು ಎಂಬರ್ಥದ ಮಾತಾಡಿಬಿಟ್ಟರು. ದೇಶದ ರೈಲ್ವೆ ಕೆಲಸಗಾರರಿಗೆಲ್ಲ ಆ ಮಾತು ಮುಟ್ಟಿತು. ಟ್ರೂಮನ್ನರು ಇದೇ ಕೆಲಸಗಾರರ ಮೇಲೆ 1946ರ ಮುಷ್ಕರದಲ್ಲಿ ಹರಿಹಾಯ್ದಿದ್ದರು. ಮುಷ್ಕರ ಹೂಡಿದವರನ್ನು ಸೈನ್ಯಕ್ಕೆ ಸೇರಿಸಿಕೊಳ್ಳುವ ಅಧಿಕಾರ ಬೇಕೆಂದು ಕಾಂಗ್ರೆಸ್ಸಿನಲ್ಲಿ ಕೇಳುತ್ತಿದ್ದಂತೆಯೇ, ಮುಷ್ಕರ ಮುಗಿಯಿತೆಂಬ ಚೀಟಿ ಅವರ ಕೈಗೆ ಬಂದಿತ್ತು. ಅಷ್ಟು ಕಠಿಣವಾಗಿ ನಡೆದವರು ಗೆದ್ದರು, ನಾಲಗೆ ಜಾರಿದವರು ಸೋತರು. ಡ್ಯೂಯಿ ಗೆದ್ದರೆಂದು ತಪ್ಪಾಗಿ ಅಚ್ಚುಹಾಕಿದ ಪತ್ರಿಕೆಯನ್ನು ಟ್ರೂಮನ್ನರು ನಗುತ್ತಾ ಎತ್ತಿಹಿಡಿದ ಚಿತ್ರವನ್ನು ತಾವು ನೋಡಿರಬಹುದು. ಅದನ್ನು ತೆಗೆದದ್ದು ಸೇಂಟ್ ಲೂಯಿಸ್ ನಿಲ್ದಾಣದಲ್ಲಿ, ಅದೇ ಬಂಡಿಯ ಜಗಲಿಯ ಮೇಲೆ.

ರೈಲಿಗೆ ನಿಜವಾದ ಪೆಟ್ಟು ಬಿದ್ದದ್ದು ಸೇನಾನಿಯೊಬ್ಬರ ಕೈಯಿಂದ. ಐಸೆನ್‌ಹೋವರರು 1919ರಲ್ಲಿ ಸೈನ್ಯದ ಮೋಟಾರು ಸಾಲಿನೊಡನೆ ವಾಷಿಂಗ್ಟನ್ನಿನಿಂದ ಸಾನ್ ಫ್ರಾನ್ಸಿಸ್ಕೋವರೆಗೆ ಕೆಸರಿನಲ್ಲಿ 62 ದಿನ ಪ್ರಯಾಣಮಾಡಿದ್ದವರು; ಮುಂದೆ ಜರ್ಮನಿಯ ಹೆದ್ದಾರಿಗಳನ್ನೂ ಕಂಡವರು. ಅವರು ಅಧ್ಯಕ್ಷರಾಗಿ 1956ರಲ್ಲಿ ಸಹಿ ಮಾಡಿದ ಶಾಸನದಂತೆ 41,000 ಮೈಲಿ ಹೆದ್ದಾರಿಗಳನ್ನು ಕಟ್ಟಲು ಹೊರಟರು. ವೆಚ್ಚದಲ್ಲಿ ನೂರಕ್ಕೆ 90 ಪಾಲು ಕೇಂದ್ರ ಸರ್ಕಾರದ್ದು. ಆ ರಸ್ತೆಗಳ ಹೆಸರಿನಲ್ಲಿಯೇ ‘ರಕ್ಷಣೆ’ ಎಂಬ ಮಾತನ್ನು ಸೇರಿಸಿದರು. ರೈಲ್ವೆ ಕಂಪೆನಿಯಾದರೋ ತನ್ನ ಹಳಿಯನ್ನು ತಾನೇ ಹಾಸಿ, ಅದರ ಮೇಲೆ ಕಂದಾಯವನ್ನೂ ತೆರಬೇಕು. 1967ರಲ್ಲಿ ಅಂಚೆಯೂ ಕೈಬಿಟ್ಟಿತು. ಅಂಚೆಯ ಹಣವಿಲ್ಲದೆ ಎಷ್ಟೋ ಬಂಡಿಗಳು ನಿಂತುಹೋದವು. ಇದನ್ನೆಲ್ಲ ಜನರ ಸ್ವಭಾವದ ಲೆಕ್ಕಕ್ಕೆ ಬರೆಯುವುದು ನನಗೆ ಸರಿತೋರದು.

ಅಳಿದುಳಿದ ಪ್ರಯಾಣಿಕರ ಬಂಡಿಗಳನ್ನು ನಡೆಸಲು ‘ಆಮ್‌ಟ್ರಾಕ್’ ಎಂಬ ಸಂಸ್ಥೆಯನ್ನು ಅಧ್ಯಕ್ಷ ನಿಕ್ಸನ್ನರ ಕಾಲದಲ್ಲಿ ಹುಟ್ಟಿಸಿದರು. 1971ರ ಮೇ 1ರಂದು ಅದು ಕೆಲಸಕ್ಕೆ ತೊಡಗಿದ ದಿನವೇ, ಹಿಂದಿನ ದಿನ ಓಡುತ್ತಿದ್ದ ಬಂಡಿಗಳಲ್ಲಿ ಹೆಚ್ಚು ಕಡಮೆ ಅರ್ಧ ನಿಂತವು. ಅದು ಬೇಗ ಸಾಯುವುದೆಂದು ಅನೇಕರು ಎಣಿಸಿದರು, ಸಾಯಲಿಲ್ಲ. ಅದರ ಬಂಡಿಗಳು 46 ಸಂಸ್ಥಾನಗಳಲ್ಲಿ ಹಾಯುತ್ತವೆ. ತಮ್ಮ ಊರಿನ ನಿಲ್ದಾಣವನ್ನು ಮುಚ್ಚಿಸಿ ಮತ ಕೇಳುವ ಧೈರ್ಯ ಯಾವ ಪಕ್ಷದ ಸದಸ್ಯನಿಗೂ ಸುಲಭವಾಗಿ ಬರುವುದಿಲ್ಲ. ವಿಲ್ಮಿಂಗ್ಟನ್ನಿನಿಂದ ರಾಜಧಾನಿಗೆ ದಶಕಗಳ ಕಾಲ ರೈಲಿನಲ್ಲೇ ಓಡಾಡಿದ ಸೆನೆಟರ್ ಬೈಡನ್ನರು ಮುಂದೆ ಅಧ್ಯಕ್ಷರಾಗಿ, 2021ರ ಶಾಸನದಲ್ಲಿ ರೈಲಿಗೆಂದು ಸುಮಾರು 66 ಶತಕೋಟಿ ಡಾಲರು ತೆಗೆದಿರಿಸಿದರು. 2024ರ ಆರ್ಥಿಕ ವರ್ಷದಲ್ಲಿ ಆಮ್‌ಟ್ರಾಕಿನ ಪ್ರಯಾಣಗಳು 3 ಕೋಟಿ 28 ಲಕ್ಷ. ಅದರ ಚರಿತ್ರೆಯಲ್ಲಿ ಅದುವರೆಗಿನ ಅತ್ಯಧಿಕ ಸಂಖ್ಯೆ.

ಆದರೆ ಹಳಿ ಬಹುಪಾಲು ಇನ್ನೂ ಸರಕಿನ ಕಂಪೆನಿಗಳದು. ಪ್ರಯಾಣಿಕರ ಬಂಡಿಗೆ ಮೊದಲು ದಾರಿ ಬಿಡಬೇಕೆಂದು 1973ರಿಂದ ಶಾಸನವಿದೆ. ಷಿಕಾಗೋದಿಂದ ಕ್ಯಾಲಿಫೋರ್ನಿಯಕ್ಕೆ ಹೋಗುವ ‘ಜೆಫಿರ್’ ಬಂಡಿ ಸುಮಾರು 2,400 ಮೈಲಿಗಳನ್ನು ಎರಡು ದಿನಕ್ಕೂ ಮೀರಿ ಕ್ರಮಿಸುತ್ತದೆ. ಎದುರಿನ ಗೂಡ್ಸ್ ಬಂಡಿ ಪಕ್ಕದ ಹಳಿಯಲ್ಲಿ ಹಿಡಿಸದಷ್ಟು ಉದ್ದವಾಗಿದ್ದರೆ, ಶಾಸನವೇನೇ ಹೇಳಲಿ, ಬದಿಗೆ ಸರಿದು ನಿಲ್ಲುವುದು ಪ್ರಯಾಣಿಕರ ಬಂಡಿಯೇ.